ವಿರಾಜಪೇಟೆಯಿಂದ ಬುಕೋಬಾಕ್ಕೆ: ನನ್ನ ಮಿಷನ್ ದಿನಗಳು

ಮಿಷನ್ ಸೇವೆಗೆ ಟಾಂಜಾನಿಯಾಕ್ಕೆ ಹೊರಟಿದ್ದೇನೆ ಅಂದಾಗ ಮನೆಯಲ್ಲಿ ಮೊದಲು ಬಂದ ಮಾತು ಊಟದ್ದು. "ಅಲ್ಲಿ ಅನ್ನ ಸಿಗ್ತದಾ?" ಅಂತ ಅಮ್ಮ. "ಮಳೆ ಉಂಟಾ?" ಅಂತ ಅಪ್ಪ. ಎಸ್ಟೇಟಿನಲ್ಲಿ ರೈಟರ್ ಆಗಿ ಕೂದಲು ಬೆಳ್ಳಗಾದ ಮನುಷ್ಯ, ಮಳೆ ಲೆಕ್ಕ ಬಿಟ್ಟು ಬೇರೆ ಏನು ಕೇಳುತ್ತಾರೆ! ಅನ್ನ ಸಿಗುತ್ತದೆ, ಮಳೆಯಂತೂ ಧಾರಾಳ. ಕಾಫಿಯೂ ಉಂಟು, ಅದೂ ನಮ್ಮ ರೊಬಸ್ಟಾವೇ.

ನಾನಿರುವುದು ಕಗೇರಾ ಪ್ರಾಂತ್ಯದಲ್ಲಿ, ಬುಕೋಬಾ ಪಟ್ಟಣದಿಂದ ಒಳಗಿನ ಒಂದು ಹಳ್ಳಿ. ವಿಕ್ಟೋರಿಯಾ ಸರೋವರದ ಪಶ್ಚಿಮ ದಂಡೆ, ಉಗಾಂಡಾ ಗಡಿ ದೂರವಿಲ್ಲ. ಆ ಸರೋವರವೇ ಸಮುದ್ರ ಮಟ್ಟದಿಂದ 1,134 ಮೀಟರ್ ಎತ್ತರದಲ್ಲಿದೆ. ಅಂದರೆ ನೀರಿನ ದಡದಲ್ಲಿ ನಿಂತರೂ ಹೆಚ್ಚುಕಡಿಮೆ ಮಡಿಕೇರಿಯ ಎತ್ತರ. ಆಫ್ರಿಕಾ ಅಂದ್ರೆ ಸುಡುಬಿಸಿಲು ಅಂದುಕೊಂಡು ಹೊರಡುವವರು ದಯವಿಟ್ಟು ಒಂದು ಸ್ವೆಟರ್ ಇಟ್ಟುಕೊಳ್ಳಿ.

ಅಲ್ಲಿನವರು ಹಾಯಾ ಜನ. ಮನೆಯ ಸುತ್ತ ದಟ್ಟವಾಗಿ ಬಾಳೆ, ಅದರ ನಡುವೆ ಕಾಫಿ, ಬುಡದಲ್ಲಿ ಹುರುಳಿಕಾಯಿ. ಈ ಮನೆತೋಟಕ್ಕೆ ಕಿಬಂಜಾ ಅನ್ನುತ್ತಾರೆ. ಸಿಲ್ವರ್ ಓಕಿಗೆ ಹಬ್ಬಿಸಿದ ಕರಿಮೆಣಸಿಲ್ಲ, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಯ ತಲೆನೋವೂ ಇಲ್ಲ. ನೆರಳಿಗೂ ಬಾಳೆ, ಹೊಟ್ಟೆಗೂ ಬಾಳೆ. ಕೊಯ್ಲು ಮಾತ್ರ ಉಲ್ಟಾ. ನಮ್ಮಲ್ಲಿ ರೊಬಸ್ಟಾ ಕುಯ್ದು ಮುಗಿದು ಹೂಮಳೆಯೂ ಬಂದುಹೋದ ಮೇಲೆ ಅಲ್ಲಿ ಹಣ್ಣು ಕೀಳಲು ಶುರು.

ಮೊದಲು ಮುಸೋಮಾದ ಮಕೋಕೊ ಭಾಷಾ ಶಾಲೆಯಲ್ಲಿ ಸ್ವಾಹಿಲಿ ಕಲಿತೆ. ವ್ಯಾಕರಣ ಅಲ್ಲಿ ಬಂತು. ಆದರೆ ಮಾತಾಡುವ ಕ್ರಮ ಬಂದದ್ದು ಹಳ್ಳಿಯ ದಾರಿಯಲ್ಲಿ. ಹಿರಿಯರು ಎದುರಾದರೆ ಕಿರಿಯರು "ಶಿಕಮೋ" ಅನ್ನಬೇಕು. ಅವರು "ಮರಹಬಾ" ಅಂದ ಮೇಲೆಯೇ ಉಳಿದ ಮಾತು. ಆಮೇಲೆ ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ತೋಟ ಹೇಗಿದೆ, ರಾತ್ರಿ ನಿದ್ದೆ ಬಂತಾ. ಇದೆಲ್ಲ ಮುಗಿಯದೆ "ಜ್ವರ ಎಷ್ಟು ದಿನದಿಂದ?" ಅಂತ ಕೇಳಿದರೆ ಉತ್ತರವೇ ಬರುವುದಿಲ್ಲ. ನಾನು ಕಾನ್ವೆಂಟಿನ ಸಿಸ್ಟರ್, ಕೆಲಸದಲ್ಲಿ ನರ್ಸ್. ವಿರಾಜಪೇಟೆಯಲ್ಲಾದರೆ ಚೀಟಿ ನೋಡುತ್ತಲೇ "ಏನಾಗಿದೆ ಅಜ್ಜಿ?" ಅಂತ ಶುರು ಮಾಡುತ್ತಿದ್ದೆ. ಅಲ್ಲಿ ಡಿಸ್ಪೆನ್ಸರಿಯ ಬೆಳಗಿನ ಅರ್ಧ ಹೊತ್ತು ಕ್ಷೇಮ ಸಮಾಚಾರಕ್ಕೇ ಮೀಸಲು ಅಂತ ಲೆಕ್ಕ ಹಾಕಿಕೊಂಡೆ. ಲೈನ್ ಉದ್ದ ಆದರೆ ಆಗಲಿ. ಹಾಯಾ ಹೆಂಗಸರು ಮಂಡಿಯೂರಿ ನಮಸ್ಕರಿಸುತ್ತಾರೆ. ವಯಸ್ಸಾದ ಅಜ್ಜಿಯರು ಸಿಸ್ಟರ್ ಅಂತ ನನ್ನ ಮುಂದೆಯೂ ಮಂಡಿಯೂರಲು ಹೊರಟಾಗ ಜೀವ ಕಸಿವಿಸಿ. ಅವರಿಗಿಂತ ಮೊದಲು ನಾನೇ ಕೂತು "ಶಿಕಮೋ ಬಿಬಿ" ಅನ್ನುವುದನ್ನು ರೂಢಿ ಮಾಡಿಕೊಂಡೆ. ಅವರಿಗೆ ನಗು, ನನಗೆ ನಿರಾಳ.

ಗಡಿಯಾರದ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಿಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ಯಾರಾದರೂ ನಾಲ್ಕು ಗಂಟೆಗೆ ಬಾ ಅಂದರೆ ಆರು ಕೂಡಿಸಿ ಹತ್ತಕ್ಕೆ ಹೋಗಿ.

ಇನ್ನು ಕಾಫಿ. ಬುಕೋಬಾದವರು ಬೆಳೆಯುತ್ತಾರೆ, ಆದರೆ ಹಳ್ಳಿಮನೆಯಲ್ಲಿ ಲೋಟ ತುಂಬ ಕೊಡುವುದು ಚಹಾ. ಕಾಫಿಯನ್ನು ಜಗಿಯುತ್ತಾರೆ! ಪೂರ್ತಿ ಹಣ್ಣಾಗದ ಕಾಯಿಯನ್ನು ಕೆಲವು ಸೊಪ್ಪಿನ ಜೊತೆ ಬೇಯಿಸಿ, ಬಿಸಿಲಲ್ಲಿ ಒಣಗಿಸಿ ಇಟ್ಟಿರುತ್ತಾರೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ "ಹೋದಿ" ಅನ್ನಬೇಕು, ಒಳಗಿಂದ "ಕರಿಬು" ಬರುತ್ತದೆ. ಕೂತ ಕೂಡಲೇ ಪುಟ್ಟದೊಂದು ಹೆಣೆದ ಬುಟ್ಟಿ ಮುಂದೆ. ನಮ್ಮಲ್ಲಿ ಬಂದವರಿಗೆ ಎಲೆ ಅಡಿಕೆ ಮುಂದಿಟ್ಟ ಹಾಗೆ. ಕಪ್ಪಗೆ ಸುಕ್ಕಾದ ಕಾಯಿ, ಸೊಪ್ಪಿನ ಘಾಟು ವಾಸನೆ. ಹಲ್ಲಿಗೆ ಸಿಕ್ಕರೆ ಮೊದಲು ಸಿಪ್ಪೆ ನಾರು ನಾರು, ಆಮೇಲೆ ಕಹಿ, ಕೊನೆಗೆ ಬಾಯಿ ಪೂರಾ ಒಗರು. ಸಿಪ್ಪೆ ಉಗುಳಬಹುದಾ ಅಂತ ಪಕ್ಕದವರನ್ನು ನೋಡಿಯೇ ತಿಳಿದುಕೊಂಡೆ. ಹಿಂದೆಲ್ಲ ಇಬ್ಬರು ಗಂಡಸರು ರಕ್ತಬಾಂಧವ್ಯ ಮಾಡಿಕೊಳ್ಳುವಾಗ ಒಂದೇ ಹಣ್ಣಿನ ಎರಡು ಬೀಜಗಳನ್ನು ಹಂಚಿಕೊಳ್ಳುತ್ತಿದ್ದರಂತೆ. ಅಂಥ ಬುಟ್ಟಿಯನ್ನು "ಬೇಡ, ಗ್ಯಾಸ್ಟ್ರಿಕ್" ಅಂತ ತಳ್ಳುವುದು ಹೇಗೆ?

ಈ ಬುಟ್ಟಿಯ ಮುಂದೆ ಕೂತೂ ಕೂತೂ ನನ್ನ ಕೆಲಸದ ಬಗ್ಗೆ ನನಗೊಂದು ಅಭಿಪ್ರಾಯ ಗಟ್ಟಿಯಾಯಿತು. ನಾವು ಹೊರಡುವಾಗ ಕೊಡುವುದರ ಬಗ್ಗೆ ಜಾಸ್ತಿ ಯೋಚಿಸುತ್ತೇವೆ. ಔಷಧಿ, ಪಾಠ, ಪ್ರಾರ್ಥನೆ. ನೆಂಟರ ಹಾಗೆ ಅವರ ಮನೆಯಲ್ಲಿ ಕೂತು, ಕೊಟ್ಟದ್ದನ್ನು ತಿಂದು ಬರುವುದಕ್ಕೆ ಯಾರೂ ತಯಾರಿ ಮಾಡುವುದಿಲ್ಲ. ವಿರಾಜಪೇಟೆಯ ಕ್ರೈಸ್ತರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಟಿಪ್ಪುವಿನ ಕಾಲದಲ್ಲಿ ಓಡಿಬಂದ ನಮ್ಮ ಹಿರಿಯರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟದ್ದರಿಂದಲೇ 1792ರಲ್ಲಿ ಸಂತ ಅನ್ನಮ್ಮನವರ ದೇವಾಲಯ ಎದ್ದದ್ದು. ಇನ್ನೊಬ್ಬರ ಅಂಗಳದಲ್ಲಿ ಬೇರುಬಿಟ್ಟವರು ನಾವು.

ಹಾಗಂತ ಎಲ್ಲ ಸಲೀಸು ಅಂತಲ್ಲ. ಪೇಟೆಗೆ ಹೋದರೆ ಮಕ್ಕಳು "ಮ್ಹಿಂದಿ! ಮ್ಹಿಂದಿ!" ಅಂತ ಕೂಗುತ್ತವೆ. ಇಂಡಿಯಾದವರು ಅಂದರೆ ಅಂಗಡಿಯವರು ಅಂತಲೇ ಲೆಕ್ಕ. "ನಿಮ್ಮ ಅಂಗಡಿ ಎಲ್ಲಿ?" ಅಂತ ದಲದಲಾ ವ್ಯಾನಿನಲ್ಲಿ ಒಬ್ಬರು ಗಂಭೀರವಾಗಿಯೇ ಕೇಳಿದ್ದರು. ತಲೆಮೇಲೆ ವೇಲ್ ಇದ್ದರೂ!

ಭಾನುವಾರದ ಪೂಜೆ ಎರಡು ಮೂರು ಗಂಟೆ. ಕ್ವಾಯರಿನವರಿಗೆ ಸಮವಸ್ತ್ರ, ಡ್ರಮ್ಮು, ಕುಣಿತ, ಹೆಂಗಸರ ಉಲುಲು. ಕಾಣಿಕೆಯ ಹೊತ್ತಿಗೆ ಬಾಳೆಗೊನೆ, ಮೊಟ್ಟೆ, ಕಾಲು ಕಟ್ಟಿದ ಕೋಳಿ ಎಲ್ಲ ಸಾಲಾಗಿ ಪೀಠದ ಕಡೆ ಬರುತ್ತವೆ. ಪೂಜೆ ಮುಗಿದ ಮೇಲೆ ಹೊರಗೆ ಅವುಗಳ ಹರಾಜು. ನಾಲ್ಕು ಜನ ಸೇರಿ ಕೋಳಿಯ ಬೆಲೆ ಏರಿಸುತ್ತಾರೆ, ಗೆದ್ದವನು ಅದನ್ನು ಎಷ್ಟೋ ಸಲ ಪಾದ್ರಿಗೇ ಕೊಟ್ಟುಬಿಡುತ್ತಾನೆ. ಕೆಲವರಿಗೆ ಇದು ಸಂತೆ ಅನಿಸಬಹುದು. ನನಗೆ ಇಷ್ಟ. ಊರಿನ ಹೆಮ್ಮೆಯೂ ಬೇರೆ: ಪೋಪ್ ಇಪ್ಪತ್ತಮೂರನೇ ಜಾನ್ 1960ರಲ್ಲಿ ಕಾರ್ಡಿನಲ್ ಮಾಡಿದ ಲೌರಿಯನ್ ರುಗಾಂಬ್ವಾ ಇದೇ ನೆಲದವರು. ಆಫ್ರಿಕಾದ ಕರಿಯ ಜನರಲ್ಲಿ ಈ ಕಾಲದ ಮೊದಲ ಕಾರ್ಡಿನಲ್. ಅವರ ಹೆಸರು ಗೊತ್ತಿದೆ ಅಂದರೆ ಸಾಕು, ಅರ್ಧ ಸ್ನೇಹ ಆದಂತೆ.

ನಿಜವಾದ ಸಭೆ ನಡೆಯುವುದು ಮಾತ್ರ ಜುಮುಯಿಯಾದಲ್ಲಿ. ಅಕ್ಕಪಕ್ಕದ ಕೆಲವು ಮನೆಗಳ ಗುಂಪು, ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತದೆ. ಬೈಬಲ್ ಓದುತ್ತಾರೆ, ಆಮೇಲೆ ಯಾರಿಗೆ ಹುಷಾರಿಲ್ಲ, ಯಾರ ಮಗುವಿನ ಶಾಲಾ ಫೀಸು ಬಾಕಿ ಅನ್ನುವ ಮಾತು. ನನ್ನ ಡಿಸ್ಪೆನ್ಸರಿಯ ರಿಜಿಸ್ಟರಿನಲ್ಲಿ ಇಲ್ಲದ ರೋಗಿಗಳು ಇಲ್ಲಿ ಗೊತ್ತಾಗುತ್ತಿದ್ದರು. ಟಾಂಜಾನಿಯಾದಲ್ಲಿ ಏಡ್ಸ್ ಮೊದಲು ವರದಿಯಾದದ್ದು ಕಗೇರಾದಲ್ಲೇ, 1983ರಲ್ಲಿ. ಎಷ್ಟೋ ಮನೆಗಳಲ್ಲಿ ನಡುವಿನ ತಲೆಮಾರು ಹೋಗಿ ಅಜ್ಜಿಯರೇ ಮೊಮ್ಮಕ್ಕಳನ್ನು ಸಾಕಿದ್ದಾರೆ. ಅವರು ತಾವಾಗಿ ಹೇಳುವುದಿಲ್ಲ. ಬುಟ್ಟಿ ಮುಂದಿಟ್ಟು, ಮಳೆ, ಬಾಳೆ, ಹಸು ಎಲ್ಲ ಮಾತಾಡಿ, ನಾನು ಎದ್ದು ಹೊರಡುವಾಗ "ಹುಡುಗನ ಮಾತ್ರೆ ಮುಗಿದಿದೆ" ಅನ್ನುತ್ತಾರೆ. ಬೇಗ ಎದ್ದಿದ್ದರೆ ಅದೂ ಇಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ಸುದ್ದಿ ಬಂತು. ನಮ್ಮ ಮನೆ ಆ ಕಡೆಯಲ್ಲ, ಆದರೂ ಫೋನ್ ಹೋಗುತ್ತಿರಲಿಲ್ಲ. ಮುಖ ನೋಡಿಯೇ ಅಡುಗೆಗೆ ನೆರವಾಗುವ ಹುಡುಗಿಗೆ ಗೊತ್ತಾಗಿರಬೇಕು. ಸಂಜೆಯೊಳಗೆ ಜುಮುಯಿಯಾದ ಹೆಂಗಸರು ಬಂದರು. ಒಬ್ಬೊಬ್ಬರೇ "ಪೋಲೆ, ಸಿಸ್ಟಾ" (ಅಯ್ಯೋ ಪಾಪ, ಸಿಸ್ಟರ್) ಅಂದು ಗೋಡೆಗೆ ಒರಗಿ ಕೂತರು. ಯಾರೂ ಸಮಾಧಾನದ ಭಾಷಣ ಮಾಡಲಿಲ್ಲ. ಒಬ್ಬರು ಅಡುಗೆಮನೆಗೆ ಹೋಗಿ ಬಾಳೆಕಾಯಿ ಸುಲಿಯಲು ಶುರು ಮಾಡಿದರು. 2016ರ ಸೆಪ್ಟೆಂಬರಿನ ಭೂಕಂಪದಲ್ಲಿ ಗೋಡೆ ಬಿದ್ದ ಮನೆಯವರು ಅವರು. ಕತ್ತಲಾದ ಮೇಲೆ ಅಮ್ಮನ ಫೋನ್ ಸಿಕ್ಕಿತು. ಅವರೆಲ್ಲ ಅಮ್ಮನಿಗೆ ಒಂದೇ ದನಿಯಲ್ಲಿ ನಮಸ್ಕಾರ ಕೂಗಿದರು. "ಯಾರೆಲ್ಲ ಇದ್ದಾರೆ ಅಲ್ಲಿ? ಅವರಿಗೆ ಊಟ ಕೊಟ್ಟೆಯಾ?" ಅಂತ ಅಮ್ಮ ಕೇಳಿದರು.

ಅಂದ ಹಾಗೆ ಊಟ. ಬೇಯಿಸಿದ ಬಾಳೆಕಾಯಿ, ಹುರುಳಿಕಾಯಿ ಕಾಳು, ಸರೋವರದ ದಗಾ ಮೀನು ದಿನನಿತ್ಯದ್ದು. ಖಾರ ಕಡಿಮೆ, ಗಾಂಧಾರಿ ಮೆಣಸಿನ ಜಾತಿಯದು ಸಿಗುತ್ತದೆ, ನಾವೇ ಕಡಿದುಕೊಂಡರಾಯಿತು. ಚಪಾತಿ, ಪಿಲಾವು, ಸಂಬೂಸಾ ಅವರದ್ದೇ ಆಗಿಬಿಟ್ಟಿವೆ. ನವೆಂಬರಿನಲ್ಲಿ ಸೆನೆನೆ ಅನ್ನುವ ಹಸಿರು ಮಿಡತೆ ಹಿಂಡಾಗಿ ಬರುತ್ತದೆ. ರೆಕ್ಕೆ ಕಾಲು ಕಿತ್ತು, ಉಪ್ಪು ಈರುಳ್ಳಿ ಹಾಕಿ ಹುರಿಯುತ್ತಾರೆ, ಎಣ್ಣೆ ಅದರ ಮೈಯಿಂದಲೇ ಬಿಡುತ್ತದೆ. ಕಣ್ಣು ಮುಚ್ಚಿ ತಿಂದೆ, ಎರಡನೇ ಸಲ ಕಣ್ಣು ತೆರೆದೇ ತಿಂದೆ. ಕ್ರಿಸ್ಮಸ್ಸಿಗೆ ನಾನು ಹಂದಿ ಸಾರು ಮಾಡುತ್ತೇನೆ. ಹುಳಿಗೆ ಊರಿಂದ ತಂದ ಕಪ್ಪು ಕಾಚಂಪುಳಿ, ಜೊತೆಗೆ ಹುರಿದ ಮಸಾಲೆ ಪುಡಿ. ಅಷ್ಟು ಕಪ್ಪಗಿನ ಸಾರು ಅವರು ನೋಡಿರಲಿಲ್ಲ. "ಸುಟ್ಟುಹೋಯಿತಾ ಸಿಸ್ಟಾ?" ಅಂದವರೇ ಮತ್ತೆ ತಟ್ಟೆ ಚಾಚಿದರು.

ಈಗ ನಮ್ಮ ಕಾನ್ವೆಂಟಿನಿಂದ ಸಿದ್ದಾಪುರ ಕಡೆಯ ಒಬ್ಬ ಕಿರಿಯ ಸಿಸ್ಟರ್ ಹೊರಡುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮಿಷನರಿಗಳಿಗೆ ಬೇಕಾದದ್ದು ಕ್ಲಾಸ್ ಸಿ ರೆಸಿಡೆನ್ಸ್ ಪರ್ಮಿಟ್, ಸರ್ಟಿಫಿಕೇಟುಗಳ ಪ್ರತಿ ಜಾಸ್ತಿಯೇ ಇರಲಿ. ಎಂಟೆಬೆ ದಾರಿಯಾಗಿ ಉಗಾಂಡಾ ಒಳಗೆ ಹೋಗಿ ಬರುವುದಾದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಬೇಕೇ ಬೇಕು. ಸೊಳ್ಳೆಪರದೆ ಅಲ್ಲೇ ಸಿಗುತ್ತದೆ, ಜ್ವರ ಬಂದ ದಿನವೇ ಮಲೇರಿಯಾ ಟೆಸ್ಟ್ ಮಾಡಿಸಿ. ಕಾಚಂಪುಳಿ ಬಾಟಲಿಗೆ ಮುಚ್ಚಳದ ಮೇಲೆ ಟೇಪ್ ಸುತ್ತಿ ಕೆಳಗೆ ಹಾಕುವ ಲಗೇಜಿನಲ್ಲಿ ಇಡಿ. ಛತ್ರಿ ಮಾತ್ರ ಊರಿಂದಲೇ ಒಯ್ಯಿರಿ, ಉದ್ದ ಹಿಡಿಯದ್ದು, ಕೊಡಗಿನ ಜೂನ್ ತಿಂಗಳು ತಾಳಿದ್ದು.