ಟ್ರ್ಯಾಕ್ಟರ್ ಹೆಡ್ ಮತ್ತೆ ಕೂರಿಸುವಾಗ

ತೊಗರಿ ರಾಶಿಯ ದಿನಗಳಲ್ಲಿ ಜೇವರ್ಗಿ ಕಡೆಯಿಂದ ನನ್ನ ಗ್ಯಾರೇಜಿಗೆ ಬರುವ ಟ್ರ್ಯಾಕ್ಟರುಗಳದ್ದು ಬಹುಪಾಲು ಒಂದೇ ದೂರು: ನೀರು ಕುದಿಯುತ್ತದೆ, ಬಿಳಿ ಹೊಗೆ ಬರುತ್ತದೆ. ರಾಶಿ ಯಂತ್ರದ ಹೊಟ್ಟು ರೇಡಿಯೇಟರಿಗೆ ಮೆತ್ತಿಕೊಂಡು ಗಾಳಿ ಆಡುವುದಿಲ್ಲ. ಕಾದ ಹೆಡ್ (ಎಂಜಿನ್ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ) ಬಾಗುತ್ತದೆ, ಹೆಡ್ಡಿಗೂ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಹೋಗುತ್ತದೆ.

ಎಂಜಿನ್ ಪೂರ್ತಿ ತಣಿದ ಮೇಲೆಯೇ ಬೋಲ್ಟ್ ಮುಟ್ಟಿ. ತುದಿಗಳಿಂದ ನಡುವಿನ ಕಡೆಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಿ. ಬಿಸಿಯಲ್ಲಿ ಬಿಚ್ಚಿದರೆ ನೆಟ್ಟಗಿದ್ದ ಹೆಡ್ಡೂ ಬಾಗುತ್ತದೆ.

ಇಳಿಸಿದ ಕೂಡಲೇ ಹೆಡ್ ಉಜ್ಜಿಸಲು ಲೇಥಿಗೆ ಓಡಬೇಡಿ. ಮೊದಲು ಒರೆಸಿ, ಸ್ಟ್ರೈಟ್ ಎಡ್ಜ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ಅನೇಕ ಎಂಜಿನ್‌ಗಳಲ್ಲಿ ಸಂದು 0.1 ಮಿ.ಮೀ. ದಾಟಿದರೆ ಉಜ್ಜಿಸಬೇಕು, ನಿಮ್ಮ ಎಂಜಿನ್ನಿನ ಪುಸ್ತಕದ ಅಳತೆಯೇ ಕೊನೆಯ ಮಾತು. ಉಜ್ಜಿಸುವ ಮೊದಲು ಒತ್ತಡದ ಪರೀಕ್ಷೆ ಮಾಡಿಸಿ. ಬಿರುಕಿರುವ ಹೆಡ್ಡಿಗೆ ದುಡ್ಡು ಸುರಿದು ರೈತ ಸೋಲುವುದನ್ನು ನಾನು ನೋಡಲಾರೆ. ಉಜ್ಜಿಸಿದರೂ ಸಮತಟ್ಟಾಗುವಷ್ಟು ಮಾತ್ರ. ಡೀಸೆಲ್ ಹೆಡ್ ಹೆಚ್ಚು ಸವೆದಷ್ಟೂ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಹಾಗಾಗಿ ವಾಲ್ವು ಎಷ್ಟು ಒಳಗಿದೆ ಎಂದು ಮತ್ತೆ ಅಳೆಯಲೇಬೇಕು.

ಬ್ಲಾಕಿನ ಮೇಲ್ಮೈಗೆ ಉಜ್ಜುವ ಕಾಗದದ ಡಿಸ್ಕ್ ಬೇಡವೇ ಬೇಡ. ಅದರ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ಹಳೆಯ ಗ್ಯಾಸ್ಕೆಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ತಾಳ್ಮೆಯಾಗಿ ಕೆರೆಯಿರಿ.

ಇನ್ನು ಬೋಲ್ಟಿನ ರಂಧ್ರಗಳು. ಕೆಲಸ ಕಲಿಯುತ್ತಿದ್ದಾಗ ಒಂದು ರಂಧ್ರದಲ್ಲಿ ಆಯಿಲ್ ಉಳಿದದ್ದನ್ನು ನೋಡದೆ ಬಿಗಿಸಿದ್ದೆ. ಟಕ್ಕೆಂದಿತು, ಬ್ಲಾಕ್ ಸೀಳಿತ್ತು. ತಳದಲ್ಲಿ ಸಿಕ್ಕಿಕೊಂಡ ದ್ರವ ಕುಗ್ಗುವುದಿಲ್ಲ, ಕಬ್ಬಿಣವೇ ಸೀಳುತ್ತದೆ. ಆ ರೈತನ ತೊಗರಿ ಕಣದಲ್ಲೇ ಉಳಿಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅಂದಿನಿಂದ ಪ್ರತಿ ರಂಧ್ರಕ್ಕೂ ಗಾಳಿ ಹೊಡೆದು, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ, ಅದು ಒಣಗಿಯೇ ಹೊರಬಂದ ಮೇಲೆ ಮುಂದುವರಿಯುತ್ತೇನೆ.

ಗ್ಯಾಸ್ಕೆಟ್ ಹೊಸದೇ ಇರಲಿ. ಮೇಲ್ಭಾಗದ ಗುರುತು ನೋಡಿ, ನೀರು ಮತ್ತು ಆಯಿಲ್ ರಂಧ್ರಗಳು ಕೂಡುತ್ತವೆಯೇ ಎಂದು ಪರೀಕ್ಷಿಸಿ. ಬಿಗಿಸುವಾಗ ನಡುವಿನಿಂದ ಹೊರಗೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಹಂತಹಂತವಾಗಿ. ಪುಸ್ತಕ 100 ನ್ಯೂಟನ್ ಮೀಟರ್ ಎಂದರೆ ನಾನು 40, 70, 100 ಎಂದು ಮೂರು ಸುತ್ತು ಹಾಕುತ್ತೇನೆ. ಹಂತಗಳನ್ನು ಪುಸ್ತಕವೇ ಹೇಳಿದ್ದರೆ ಹಾಗೆಯೇ ಮಾಡಿ. ಬಳಿಕ ವಾಲ್ವುಗಳ ಟ್ಯಾಪೆಟ್ ಸಂದು ಸರಿಪಡಿಸಿ, ಕೂಲೆಂಟ್ ತುಂಬಿ.

ಹೊರಗೆ ಬಿಡುವ ಮುನ್ನ ಫ್ಯಾನಿನ ಕಡೆಯಿಂದ ಗಾಳಿ ಹೊಡೆದು ರೇಡಿಯೇಟರಿನ ಹೊಟ್ಟು ತೆಗೆಯಿರಿ. ರಾಶಿ ಮುಗಿಯುವವರೆಗೂ ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿದಾಗಲೆಲ್ಲ ಜಾಲರಿ ಝಾಡಿಸಬೇಕೆಂದು ಟ್ರ್ಯಾಕ್ಟರ್ ಓಡಿಸುವ ಹುಡುಗನಿಗೇ ಹೇಳಿ ಕಳಿಸಿ.