ವಾಷಿಂಗ್ಟನ್ ಡಿಸಿಯ ಶಾಲಾ ಲಾಟರಿಯಲ್ಲಿ ಮಗಳಿಗೆ ಶಾಲೆ ಆರಿಸಿದ್ದು

ಸೆಪ್ಟೆಂಬರ್ 30ರೊಳಗೆ ಮಗುವಿಗೆ ಮೂರು ತುಂಬಿದರೆ ವಾಷಿಂಗ್ಟನ್ ಡಿಸಿಯಲ್ಲಿ ಪ್ರೀ-ಕೆ 3 (ಕಿಂಡರ್‌ಗಾರ್ಟನ್‌ಗೆ ಎರಡು ವರ್ಷ ಮೊದಲಿನ) ತರಗತಿಗೆ ಸೇರಿಸಬಹುದು, ಶುಲ್ಕವಿಲ್ಲ. 2008ರ ಕಾನೂನಿನಿಂದ ಬಂದ ಸೌಲಭ್ಯವಿದು. ಡೇಕೇರ್‌ಗೆ ತಿಂಗಳಿಗೆ ಎರಡು ಸಾವಿರ ಡಾಲರ್ ಆಸುಪಾಸು ಕಟ್ಟುತ್ತಿದ್ದ ನಮಗೆ ಇದು ಎಷ್ಟು ದೊಡ್ಡ ಆಸರೆ ಅಂತ ಬೇರೆ ಹೇಳಬೇಕಿಲ್ಲ. ಆದರೆ ಸೀಟು ಸಿಗುವುದು ಲಾಟರಿಯಲ್ಲಿ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಆರ್‌ಟಿಇ ಲಾಟರಿ ತರಹನೇನೆ?" ಅಂದರು. ಹೆಚ್ಚುಕಡಿಮೆ ಹಾಗೇ. ಆದರೆ ಇಲ್ಲಿ ಬಡವರು, ಸಿರಿವಂತರು ಎಲ್ಲರೂ ಒಂದೇ ಲಾಟರಿಯಲ್ಲಿ ನಿಲ್ಲುತ್ತಾರೆ.

ಇಲ್ಲಿ ಎರಡು ಬಗೆಯ ಸರ್ಕಾರಿ ಶಾಲೆಗಳಿವೆ. ಒಂದು, ನಮ್ಮ ಮನೆಯ ವಿಳಾಸಕ್ಕೆ ಗೊತ್ತುಮಾಡಿರುವ ಬಡಾವಣೆಯ ಶಾಲೆ. ಇನ್ನೊಂದು ಚಾರ್ಟರ್ ಶಾಲೆ: ದುಡ್ಡು ಸರ್ಕಾರದ್ದು, ನಡೆಸುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಊರಿನ ಯಾವ ಮೂಲೆಯಲ್ಲಿದ್ದವರೂ ಅರ್ಜಿ ಹಾಕಬಹುದು. ಡಿಸಿಯ ಸರ್ಕಾರಿ ಶಾಲಾ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಚಾರ್ಟರ್‌ಗಳಲ್ಲೇ ಓದುತ್ತಾರೆ. 'ಮೈ ಸ್ಕೂಲ್ ಡಿಸಿ' ಅನ್ನುವ ಒಂದೇ ಅರ್ಜಿಯಲ್ಲಿ ಎರಡೂ ಬಗೆಯವು ಸೇರಿ 12 ಶಾಲೆಗಳವರೆಗೆ ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ವ್ಯತ್ಯಾಸವಿಲ್ಲ.

"ಬೇಡಿಕೆ ಇರೋ ಶಾಲೇನ ಮೊದಲು ಬರೀಬೇಡಿ, ಕೈಗೆ ಸಿಗೋದೂ ತಪ್ಪಿಹೋಗತ್ತೆ" ಅಂತ ಪಾರ್ಕಿನಲ್ಲಿ ಸಿಕ್ಕ ಪರಿಚಯದವರೊಬ್ಬರು ಎಚ್ಚರಿಸಿದರು. ಇದು ಸರಿಯಲ್ಲ, ಮತ್ತು ಹೊಸಬರು ಮೊದಲು ತಿಳಿಯಬೇಕಾದದ್ದೇ ಇದು. ಗೇಲ್ ಮತ್ತು ಶ್ಯಾಪ್ಲಿ ಎಂಬ ಗಣಿತಜ್ಞರು 1962ರಲ್ಲಿ ತೋರಿಸಿಕೊಟ್ಟ ವಿಧಾನದ ಮೇಲೆ ಈ ಲಾಟರಿ ನಿಂತಿದೆ. ಅದನ್ನು ಶಾಲಾ ಪ್ರವೇಶಕ್ಕೆ ಅಳವಡಿಸಿದ ಆಲ್ವಿನ್ ರಾತ್ ಅವರಿಗೂ ಶ್ಯಾಪ್ಲಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದನೇ ಶಾಲೆಯಲ್ಲಿ ಜಾಗವಿಲ್ಲ ಅಂತ ಎರಡನೆಯದಕ್ಕೆ ನಮ್ಮ ಅರ್ಜಿ ಹೋದಾಗ, ಆ ಶಾಲೆಯನ್ನೇ ಮೊದಲು ಬರೆದವರಿಗಿಂತ ನಾವೇನೂ ಹಿಂದೆ ಬೀಳುವುದಿಲ್ಲ. ಅಲ್ಲಿ ನೋಡುವುದು ಎರಡನ್ನೇ: ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದಾರೆಯೇ, ಮನೆ ಅದರ ವ್ಯಾಪ್ತಿಯಲ್ಲಿದೆಯೇ ಎಂಬಂಥ ಆದ್ಯತೆಗಳು, ಆಮೇಲೆ ಲಾಟರಿ ನಂಬರು. ಹಾಗಾಗಿ ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯುವುದು ಕ್ಷೇಮ.

ಆ ಕ್ರಮ ಯಾವುದು ಅಂತ ಕಂಡುಕೊಳ್ಳುವುದೇ ಕಷ್ಟ. ಶಾಲೆಗಳ ಅಂಕಪಟ್ಟಿ ನೋಡಿದರೆ, ಅದರಲ್ಲಿರುವ ಪರೀಕ್ಷೆಗಳು ಶುರುವಾಗುವುದು ಮೂರನೇ ತರಗತಿಯಿಂದ. ಮೂರು ವರ್ಷದ ಮಗುವಿನ ದಿನ ಹೇಗೆ ಕಳೆಯುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕೇ ಓಪನ್ ಹೌಸ್‌ಗಳಿಗೆ, ಅಂದರೆ ಅಪ್ಪ ಅಮ್ಮಂದಿರಿಗೆ ಶಾಲೆ ತೋರಿಸುವ ದಿನಗಳಿಗೆ, ಹೋದಾಗ ನಾನು ಸಣ್ಣ ಸಣ್ಣ ಸಂಗತಿಗಳನ್ನೇ ನೋಡಿದೆ: ಶೌಚಾಲಯ ತರಗತಿಯ ಒಳಗೇ ಇದೆಯೇ, ಮಧ್ಯಾಹ್ನ ನಿದ್ದೆ ಬರದ ಮಕ್ಕಳನ್ನು ಏನು ಮಾಡುತ್ತಾರೆ, ಆಟದ ಅಂಗಳಕ್ಕೆ ದಿನಕ್ಕೆ ಎಷ್ಟು ಹೊತ್ತು ಬಿಡುತ್ತಾರೆ. ಒಂದು ಶಾಲೆಯಲ್ಲಿ ಹುಡುಗನೊಬ್ಬ ಶೂ ಎಡಬಲ ಅದಲುಬದಲಾಗಿ ಹಾಕಿಕೊಂಡು ಪರದಾಡುತ್ತಿದ್ದ. ಟೀಚರ್ ಬಂದು ನೆಲದ ಮೇಲೆ ಕೂತರು, ಶೂ ಮುಟ್ಟಲಿಲ್ಲ. ಅವನು ತಾನೇ ಬಿಚ್ಚಿ ಮತ್ತೆ ಹಾಕಿಕೊಳ್ಳುವವರೆಗೂ ಮಾತಾಡಿಸುತ್ತಾ ಕಾದರು. ಅದು ನಮ್ಮ ಬಡಾವಣೆಯ ಶಾಲೆಯೇ. ನನ್ನ ಪಟ್ಟಿಯಲ್ಲಿ ಅದು ಎರಡನೆಯದಾಗಿ ಮೇಲೆ ಬಂದದ್ದು ಆವತ್ತು. ಮೊದಲನೆಯದು ಒಂದು ಮಾಂಟೆಸ್ಸೊರಿ.

ಇನ್ನೊಂದು ಕೆಲಸ ಎಲ್ಲರೂ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಡಿಸಿಯಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗೆ ಬಿಟ್ಟರೆ ಸಾಮಾನ್ಯವಾಗಿ ಹಳದಿ ಶಾಲಾ ಬಸ್ಸಿಲ್ಲ. ಕರೆದುಕೊಂಡು ಹೋಗಿ ಬರುವುದು ಅಪ್ಪ ಅಮ್ಮನ ಪಾಲಿಗೇ. ಆದ್ದರಿಂದ ಪಟ್ಟಿ ಮುಗಿಸುವ ಮೊದಲು, ವಾರದ ದಿನ ಬೆಳಿಗ್ಗೆ ಎಂಟಕ್ಕೆ, ಮಗುವನ್ನೂ ಕರೆದುಕೊಂಡು ಆ ದಾರಿಯಲ್ಲಿ ಹೋಗಿ ನೋಡಿ. ಭಾನುವಾರ ಕಾರಿನಲ್ಲಿ ಕಾಲು ಗಂಟೆಯ ದಾರಿ, ಸೋಮವಾರ ಎರಡು ಬಸ್ ಬದಲಿಸುವಾಗ ಮುಕ್ಕಾಲು ಗಂಟೆ ಮೀರುತ್ತದೆ.

ಮಾರ್ಚ್ ಕೊನೆಗೆ ಫಲಿತಾಂಶ ಬಂತು. ನಾವು ನಾಲ್ಕನೆಯದಾಗಿ ಬರೆದಿದ್ದ ಸ್ಪ್ಯಾನಿಷ್ ಇಮ್ಮರ್ಶನ್ (ಪಾಠವನ್ನೇ ಆ ಭಾಷೆಯಲ್ಲಿ ಮಾಡುವ) ಚಾರ್ಟರ್‌ನಲ್ಲಿ ಸೀಟು. ಮೇಲಿನ ಮೂರಕ್ಕೂ ವೇಟ್‌ಲಿಸ್ಟ್. ಸಿಕ್ಕ ಶಾಲೆಗಿಂತ ಕೆಳಗೆ ಬರೆದವು ತಾವಾಗಿಯೇ ಬಿಟ್ಟುಹೋಗುತ್ತವೆ. ಸಿಕ್ಕ ಸೀಟಿಗೆ ಸೇರಿಸಿದರೆ ಮೇಲಿನ ವೇಟ್‌ಲಿಸ್ಟ್‌ಗೆ ಧಕ್ಕೆಯಿಲ್ಲ. ಹಾಗಾಗಿ ವಾಸದ ದಾಖಲೆ ಒಪ್ಪಿಸಿ ಚಾರ್ಟರ್‌ಗೆ ಸೇರಿಸಿಬಿಟ್ಟೆವು. ಹಿಂದಿನ ವರ್ಷಗಳಲ್ಲಿ ಯಾವ ಶಾಲೆ ವೇಟ್‌ಲಿಸ್ಟ್‌ನಿಂದ ಎಷ್ಟು ಮಕ್ಕಳನ್ನು ಕರೆದಿದೆ ಎಂಬ ಅಂಕಿಅಂಶ ಲಾಟರಿಯವರೇ ಪ್ರಕಟಿಸುತ್ತಾರೆ. ಅದನ್ನು ನೋಡಿ, ಮಾಂಟೆಸ್ಸೊರಿಯ ಆಸೆ ಬಿಟ್ಟೆವು, ಬಡಾವಣೆಯ ಶಾಲೆಯ ಆಸೆ ಇಟ್ಟುಕೊಂಡೆವು.

ಆಗಸ್ಟ್‌ನಲ್ಲಿ, ಶಾಲೆ ಶುರುವಾಗುವ ಸ್ವಲ್ಪ ಮೊದಲು, ಬಡಾವಣೆಯ ಶಾಲೆಯಿಂದ ಫೋನ್ ಬಂತು. ಮನೆಯಲ್ಲಿ ನಿಜವಾದ ಚರ್ಚೆ ಶುರುವಾದದ್ದು ಆಗ.

ನನ್ನ ಗಂಡನ ವಾದ ಗಟ್ಟಿಯಾಗಿಯೇ ಇತ್ತು. ಬಡಾವಣೆಯ ಶಾಲೆಯಲ್ಲಿ ಪ್ರೀ-ಕೆ ಸೀಟಿಗೆ ಸಾಮಾನ್ಯವಾಗಿ ಲಾಟರಿ ಬೇಕು, ಆದರೆ ಕಿಂಡರ್‌ಗಾರ್ಟನ್‌ನಿಂದ ಮುಂದೆ ಅದು ನಮ್ಮ ಹಕ್ಕು; ವಿಳಾಸ ತೋರಿಸಿದರೆ ಸೇರಿಸಿಕೊಳ್ಳಲೇಬೇಕು. ಚಾರ್ಟರ್ ಹಾಗಲ್ಲ, ಬಿಟ್ಟರೆ ಮತ್ತೆ ಲಾಟರಿ. ಭಾಷಾ ಇಮ್ಮರ್ಶನ್‌ಗೆ ತಡವಾಗಿ ಸೇರುವುದಂತೂ ಇನ್ನೂ ಕಷ್ಟ. "ಎರಡು ವರ್ಷ ಅಲ್ಲಿರಲಿ, ಸರಿಹೋಗದಿದ್ದರೆ ಇಲ್ಲಿಗೆ ಬಂದರಾಯಿತು" ಅಂದರು. ಕೆಲವು ಇಮ್ಮರ್ಶನ್ ಚಾರ್ಟರ್‌ಗಳ ಮಕ್ಕಳಿಗೆ ಮುಂದೆ 'ಡಿಸಿ ಇಂಟರ್‌ನ್ಯಾಷನಲ್' ಶಾಲೆಗೆ ಹೈಸ್ಕೂಲಿನವರೆಗೂ ದಾರಿಯಿದೆ ಅನ್ನುವುದೂ ಅವರ ಮನಸ್ಸಿನಲ್ಲಿತ್ತು.

ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಎರಡು ವರ್ಷ ಮೂರರಿಂದ ಐದರ ವಯಸ್ಸು. ದಿನಾ ಹೋಗುತ್ತಾ ಬರುತ್ತಾ ಎರಡೆರಡು ಬಸ್ಸು, ಸಂಜೆ ಮನೆ ಸೇರುವಾಗ ಹೆಗಲ ಮೇಲೆ ನಿದ್ದೆ. ಮನೆಯಲ್ಲಿ ಅವಳಿಗೆ ಕನ್ನಡ ಸಿಗುವುದು ಊಟದಿಂದ ಮಲಗುವವರೆಗಿನ ಹೊತ್ತಿನಲ್ಲಿ ಮಾತ್ರ. ಸ್ಪ್ಯಾನಿಷ್ ಕಲಿಯುವುದು ಒಳ್ಳೆಯದೇ, ಆದರೆ ಆ ಹೊತ್ತನ್ನು ಬಸ್ಸಿಗೆ ಕೊಡಲು ನಾನು ಸಿದ್ಧಳಿರಲಿಲ್ಲ. ಬಡಾವಣೆಯ ಶಾಲೆಗೆ ನಡೆದು ಹತ್ತು ನಿಮಿಷ. ಅಮ್ಮ ಬಂದು ಇರುವ ತಿಂಗಳುಗಳಲ್ಲಿ, ಕರೆದೊಯ್ಯುವವರ ಪಟ್ಟಿಯಲ್ಲಿ ಅವರ ಹೆಸರು ಬರೆಸಿದರೆ, ಅಜ್ಜಿ ಮೊಮ್ಮಗಳು ಮಾತಾಡಿಕೊಂಡು ನಡೆದು ಬರಬಹುದು. ಚಾರ್ಟರ್‌ಗಾದರೆ ಅಮ್ಮ ಒಬ್ಬರೇ ಬಸ್ ಬದಲಿಸಿ ಹೋಗುವುದು ಆಗದ ಮಾತು. ಇಷ್ಟು ಹೇಳಿದ ಮೇಲೆ ಇವರು ಮ್ಯಾಪ್ ತೆರೆದು ಒಂದಷ್ಟು ಹೊತ್ತು ನೋಡಿ, "ಸರಿ, ಇಲ್ಲೇ ಹಾಕೋಣ" ಅಂದರು.

ಮನೆ ಚಾರ್ಟರ್‌ಗೆ ಹತ್ತಿರವಿದ್ದಿದ್ದರೆ ನಾನೂ ಇವರ ಲೆಕ್ಕವನ್ನೇ ಒಪ್ಪುತ್ತಿದ್ದೆ. ಈಗಲೂ ಕೇಳಿದವರಿಗೆ ಹಾಗೇ ಹೇಳುತ್ತೇನೆ: ಎರಡೂ ದಾರಿ ಸಮನಾಗಿದ್ದರೆ, ಬಿಟ್ಟರೆ ಮತ್ತೆ ಸಿಗದ ಸೀಟನ್ನೇ ಹಿಡಿಯಿರಿ.

ಬಡಾವಣೆಯ ಶಾಲೆಗೆ ಕಾಗದ ಕೊಟ್ಟ ದಿನವೇ ಚಾರ್ಟರ್‌ನ ಕಚೇರಿಗೂ ಬರೆದು ಸೀಟು ಬಿಟ್ಟುಕೊಟ್ಟೆವು. ಇದನ್ನು ತಡಮಾಡಬಾರದು, ಆ ವೇಟ್‌ಲಿಸ್ಟ್‌ನ ಮೇಲ್ತುದಿಯಲ್ಲಿರುವ ಮನೆಯವರೂ ನಮ್ಮ ಹಾಗೇ ಫೋನ್ ಕಾಯುತ್ತಿರುತ್ತಾರೆ.