ಮೊಳಕಾಲ್ಮೂರು ನೋಡೋದು ಹೇಗೆ? ಬಂಡೆಯಿಂದ ಶುರು ಮಾಡಿ

ಮೊಳಕಾಲ್ಮೂರು ಅಂದ ತಕ್ಷಣ ಎಲ್ಲರಿಗೂ ಸೀರೆ ನೆನಪಾಗುತ್ತದೆ. ಬಸ್ಸಿಳಿದು, ಅಂಗಡಿಯಲ್ಲಿ ಒಂದು ರೇಷ್ಮೆ ಸೀರೆ ತಗೊಂಡು, ಸಂಜೆ ಬಸ್ಸಿಗೆ ವಾಪಸ್ ಹೋಗುವವರೇ ಜಾಸ್ತಿ. ಸೀರೆ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತ ನಿಂತಿರುವ ಆ ಗುಡ್ಡಗಳ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲವಲ್ಲ ಅಂತ ನನಗೆ ಪ್ರತಿ ಸಲ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡು ದಿನ ಬಿಡುವು ಮಾಡಿಕೊಂಡರೆ ಈ ಪಟ್ಟಣವನ್ನೂ ಅದರ ಸೀಮೆಯನ್ನೂ ಹೇಗೆ ನೋಡಬಹುದು, ಯಾವುದನ್ನು ಮೊದಲು ನೋಡಬೇಕು, ಎಲ್ಲಿ ನಿಧಾನ ಮಾಡಬೇಕು ಅಂತ.

ಮೊದಲು ಊರು ಎಲ್ಲಿದೆ ಅಂತ ನಕ್ಷೆಯಲ್ಲಿ ಸರಿಯಾಗಿ ನೋಡಿಕೊಳ್ಳಿ. ಇದು ಚಿತ್ರದುರ್ಗ ಜಿಲ್ಲೆಯ ತುತ್ತತುದಿ. ಉತ್ತರಕ್ಕೆ ಬಳ್ಳಾರಿ, ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಆಂಧ್ರದ ರಾಯದುರ್ಗ. ಊರನ್ನು ನೋಡಿಕೊಳ್ಳುವುದು ಒಂದು ಪಟ್ಟಣ ಪಂಚಾಯಿತಿ. ಮಹಾರಾಜರ ಕಾಲದಲ್ಲಿ ಈ ತಾಲ್ಲೂಕು ಮೈಸೂರು ಸಂಸ್ಥಾನದಲ್ಲಿತ್ತು, ಆದರೆ ಮೂರು ಕಡೆಯೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಸುತ್ತುವರಿದಿತ್ತು. ರಾಯದುರ್ಗ ಕೂಡ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, 1953ರಲ್ಲಿ ಆಂಧ್ರಕ್ಕೆ ಹೋಯಿತು. ಸಂತೆಯಲ್ಲಿ ಒಂದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು ಕೇಳಿಸಿದರೆ ಆಶ್ಚರ್ಯ ಬೇಡ. ಗಡಿ ಮೊನ್ನೆ ಮೊನ್ನೆ ಬಂದದ್ದು, ಮಾತು ಬಹಳ ಹಳೆಯದು.

ಹೋಗುವ ಕಾಲ ಮುಖ್ಯ. ಮಾರ್ಚಿಂದ ಮೇವರೆಗೆ ಬೇಡವೇ ಬೇಡ, ಬಂಡೆ ಕಾದು ಸಂಜೆ ಏಳಕ್ಕೂ ಬಿಸಿ ಉಗುಳುತ್ತಿರುತ್ತದೆ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ ಇದು. ಬಿದ್ದರೆ ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆಯಲ್ಲೇ, ಅಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಬೀಳಬೇಕು. ಹಾಗಾಗಿ ಅಕ್ಟೋಬರಿಂದ ಜನವರಿ ಒಳ್ಳೆಯ ಸಮಯ. ಆಗ ಶೇಂಗಾ ಕಿತ್ತಿರುತ್ತಾರೆ ಅಥವಾ ಕೀಳುತ್ತಿರುತ್ತಾರೆ, ಶುರುವಿನಲ್ಲೇ ಹೋದರೆ ಗುಡ್ಡದ ಸೀತಾಫಲವೂ ಸಿಗುತ್ತದೆ. ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯಲ್ಲಿ ಬಂದು ಹಾನಗಲ್ ಹತ್ತಿರ ತಿರುಗಿದರೆ ಊರು ಸಿಗುತ್ತದೆ. ಒಬ್ಬರಿಗೆ ಮೂರು ಲೀಟರ್ ನೀರು, ಮುಳ್ಳು ತಾಳುವ ಗಟ್ಟಿ ಶೂ, ಒಂದು ಟಾರ್ಚು, ಒಂದು ನೋಟ್‌ಬುಕ್. ಇಷ್ಟು ಇಟ್ಟುಕೊಳ್ಳಿ.

ಈಗ ಬಂಡೆಗೆ ಬರೋಣ. ಇಲ್ಲಿ ಎಲ್ಲದಕ್ಕೂ ಬಂಡೆಯೇ ಮೂಲ. ರಾಮನಗರದಿಂದ ಬಳ್ಳಾರಿ ಕಡೆಗೆ ಉದ್ದಕ್ಕೆ ಹಾದುಹೋಗುವ ಗ್ರಾನೈಟ್ ಪಟ್ಟಿಯೊಂದಿದೆ, ಸುಮಾರು 250 ಕೋಟಿ ವರ್ಷ ಹಳೆಯದು. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಅದರಿಂದಲೇ ಇದಕ್ಕೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು ಬಿದ್ದಿದೆ. ಗುಡ್ಡದ ಬುಡದಲ್ಲಿ ನಿಂತು ಒಂದು ಹತ್ತು ನಿಮಿಷ ಸುಮ್ನೆ ನೋಡಿ. ಯಾರೋ ತಂದು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತದೆ, ಅಲ್ವಾ? ಯಾರೂ ಪೇರಿಸಿಲ್ಲ. ಒಂದೇ ದೊಡ್ಡ ಕಲ್ಲು ಅಡ್ಡ, ಉದ್ದ ಬಿರುಕು ಬಿಟ್ಟು, ಬಿರುಕಿಗೆ ನೀರಿಳಿದು, ಮೂಲೆಗಳು ಮೊದಲು ಕೊಳೆತು ಉದುರಿ, ಮಧ್ಯದ ಗಟ್ಟಿ ಭಾಗ ಮಾತ್ರ ಗುಂಡಗೆ ಉಳಿದದ್ದು. ಅದಕ್ಕೇ ಇಲ್ಲಿ ಇವಕ್ಕೆ ಗುಂಡು ಅಂತಲೇ ಹೆಸರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ದಿನ ಬೆಳಿಗ್ಗೆ ಊರಿನ ಉತ್ತರಕ್ಕಿರುವ ಬ್ರಹ್ಮಗಿರಿಗೆ ಹೊರಡಿ. ಅಶೋಕನ ಶಾಸನ ಇರುವುದು ಅಲ್ಲೇ. ಈ ಸುತ್ತಿನಲ್ಲಿ ಒಂದಲ್ಲ, ಮೂರು ಶಾಸನ ಇವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರನ್ನೂ 1890ರ ದಶಕದ ಶುರುವಿನಲ್ಲಿ ಮೈಸೂರು ಸಂಸ್ಥಾನದ ಶಾಸನ ಸಂಶೋಧಕ ಬಿ. ಎಲ್. ರೈಸ್ ಹೊರಜಗತ್ತಿಗೆ ತಿಳಿಸಿದರು. ಹೊರಜಗತ್ತಿಗೆ ಅಂತ ಬೇಕಂತಲೇ ಹೇಳಿದೆ. ಯಾಕೆಂದರೆ ಊರವರಿಗೆ ಬ್ರಹ್ಮಗಿರಿಯ ಆ ಕಲ್ಲು ಮೊದಲೇ ಗೊತ್ತಿತ್ತು, ಅದಕ್ಕೆ ಅವರಿಟ್ಟ ಹೆಸರು ಅಕ್ಷರಗುಂಡು. ಓದಲು ಬರದಿದ್ದರೂ ಇದು ಅಕ್ಷರ ಅಂತ ಗುರುತಿಸಿ, ಹೆಸರಿಟ್ಟು, ಉಳಿಸಿಕೊಂಡವರು ಅವರು.

ನಾನು ಮೊದಲ ಸಲ ಹೋದದ್ದು ನಡುಮಧ್ಯಾಹ್ನ. ಏನೂ ಕಾಣಲಿಲ್ಲ. ಬರೀ ಒರಟು ಕಲ್ಲು. ಬೆಳಕು ನೆತ್ತಿಯ ಮೇಲಿಂದ ಬಿದ್ದರೆ ಕೊರೆದ ಗೆರೆಯಲ್ಲಿ ನೆರಳು ನಿಲ್ಲುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬರುವಾಗ ಹೋಗಬೇಕು. ಬಂಡೆಯ ಮೇಲೆ ಈಗ ಚಾವಣಿ ಇರುವುದರಿಂದ ಟಾರ್ಚನ್ನು ಕಲ್ಲಿಗೆ ಸಮನಾಗಿ, ಪಕ್ಕದಿಂದ ಹಿಡಿಯಿರಿ. ಆಗ ಅಕ್ಷರಗಳು ಒಂದೊಂದೇ ಎದ್ದು ಬರುತ್ತವೆ. ಸೀಮೆಸುಣ್ಣ ತುಂಬುವುದು, ನೀರು ಚೆಲ್ಲುವುದು, ಎಣ್ಣೆ ಹಚ್ಚುವುದು, ಇದ್ಯಾವುದೂ ಬೇಡ. ಅದು ಸಂರಕ್ಷಿತ ಸ್ಮಾರಕ. ಇಷ್ಟು ಕಾಲ ಉಳಿದದ್ದು ನಮ್ಮ ಒಂದು ಫೋಟೋಗೋಸ್ಕರ ಸವೆಯಬಾರದು.

ಶಾಸನದ ಲಿಪಿ ಬ್ರಾಹ್ಮಿ. ಹೋಗುವ ಮುಂಚೆ ಅದರ ನಾಲ್ಕು ಅಕ್ಷರ ಕಲಿತುಕೊಂಡು ಹೋಗಿ, ಹತ್ತು ನಿಮಿಷದ ಕೆಲಸ. ಕೂಡಿಸುವ ಗುರುತಿನ ಹಾಗಿದ್ದರೆ ಕ. ಮನೆಯ ಮಾಡಿನ ಹಾಗಿದ್ದರೆ ಗ. ಬರೀ ಸೊನ್ನೆ ಇದ್ದರೆ ಠ, ಸೊನ್ನೆಯೊಳಗೆ ಚುಕ್ಕಿ ಇದ್ದರೆ ಥ. ಕಲ್ಲಿನ ಮೇಲೆ ಒಂದು ಕ ನೀವೇ ಕಂಡುಹಿಡಿದಾಗ ಆಗುವ ಖುಷಿಯೇ ಬೇರೆ. ಇವತ್ತು ನಾವು ಬರೆಯುವ ಕನ್ನಡದ ಕ ಅದೇ ಅಕ್ಷರದ ವಂಶ.

ಶಾಸನದ ಭಾಷೆ ಪ್ರಾಕೃತ. ಕಾಲ ಕ್ರಿಸ್ತಪೂರ್ವ 3ನೇ ಶತಮಾನ. ಇದರಲ್ಲಿ ಅಶೋಕ ಅನ್ನುವ ಹೆಸರಿಲ್ಲ, ದೇವಾನಂಪಿಯ, ಅಂದರೆ ದೇವರಿಗೆ ಪ್ರಿಯನಾದವನು, ಅಂತಷ್ಟೇ ಇದೆ. ದೇವಾನಂಪಿಯ ಅಂದರೆ ಅಶೋಕನೇ ಅಂತ ಖಚಿತವಾದದ್ದು 1915ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಶೋಕನ ಹೆಸರೇ ಇರುವ ಮಸ್ಕಿ ಶಾಸನ ಸಿಕ್ಕ ಮೇಲೆ. ಇಲ್ಲಿಯ ಶಾಸನ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ. ಮೊದಲು ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ, ನಮ್ಮ ಹಳೇ ಕಾಗದಗಳ ಹಾಗೇ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಅಂತ ಹೇಳಿ, ಕೊನೆಗೆ ‘ಏಸಾ ಪೋರಾಣಾ ಪಕಿತೀ’ ಅನ್ನುತ್ತದೆ. ಇದು ಹಿಂದಿನಿಂದ ಬಂದ ನಡತೆ ಅಂತ. ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹವೇ ತನಗಿಂತ ಹಿಂದಿನದನ್ನು ನೆನೆಯುವ ಈ ಸಾಲು ನನಗೆ ತುಂಬಾ ಇಷ್ಟ.

ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಅವನ ಕಸುಬನ್ನು ಹೇಳುವ ‘ಲಿಪಿಕರೇಣ’ ಅನ್ನುವ ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ, ಖರೋಷ್ಠಿಯಲ್ಲಿದೆ. ಅದು ಭರತಖಂಡದ ವಾಯವ್ಯ ಮೂಲೆಯ ಲಿಪಿ, ಬಲದಿಂದ ಎಡಕ್ಕೆ ಓದಬೇಕು. ಆ ಲಿಪಿ ಗೊತ್ತಿದ್ದ ಒಬ್ಬ ಬರಹಗಾರ ಅಷ್ಟು ದೂರದ ಅಕ್ಷರವನ್ನು ಈ ಮುಳ್ಳುಗಾಡಿನ ಗುಂಡಿನ ಮೇಲೆ ಬಿಟ್ಟುಹೋಗಿದ್ದಾನೆ. ಯಾವ ಅರಸನ ಸುದ್ದಿಗಿಂತಲೂ ನನಗೆ ಈ ಚಪಡನ ಸುದ್ದಿ ದೊಡ್ಡದು.

ಶಾಸನ ಆದ ಮೇಲೆ ಅಲ್ಲೇ ಗುಡ್ಡದ ಬುಡದಲ್ಲಿ ನಡೆಯಿರಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು ಈ ಜಾಗ. ಮೌರ್ಯರಿಗಿಂತ ಬಹಳ ಹಿಂದೆ, ನಯಗೊಳಿಸಿದ ಕಲ್ಲುಕೊಡಲಿ ಹಿಡಿದವರು ಇಲ್ಲಿ ಬದುಕಿದ್ದರು. ಅವರ ಮೇಲಿನ ಪದರದಲ್ಲಿ ಕಬ್ಬಿಣ, ಕಪ್ಪು-ಕೆಂಪು ಮಡಕೆ, ಬೃಹತ್ ಶಿಲಾ ಗೋರಿಗಳ ಕಾಲ. ಆ ಗೋರಿಗಳ ರಚನೆ ನೋಡಿ: ನಾಲ್ಕು ಗ್ರಾನೈಟ್ ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಒಂದು ಚಪ್ಪಡಿಯಲ್ಲಿ ದುಂಡನೆ ಕಿಂಡಿ ಕೊರೆದು, ಮೇಲೊಂದು ಮುಚ್ಚುವ ಕಲ್ಲು, ಸುತ್ತ ಗುಂಡುಗಳ ಬಳೆ. ಇಂಥವನ್ನು ನಮ್ಮ ಕಡೆ ಪಾಂಡವರ ಮನೆ, ಮೋರ್ಯರ ಮನೆ ಅಂತ ಕರೆಯುವ ರೂಢಿ ಇದೆ. ನೆಲದಲ್ಲಿ ಮಡಕೆಯ ಚೂರು ಕಂಡರೆ ನೋಡಿ, ಫೋಟೋ ತೆಗೆಯಿರಿ, ಅಲ್ಲೇ ಬಿಡಿ. ಜೇಬಿಗೆ ಹೋದ ಚೂರು ಎಲ್ಲಿ ಬಿದ್ದಿತ್ತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ, ಆಮೇಲೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಮೆಟ್ಟಿಲಿದೆ, ಆದರೆ ಏರು ಸರಿಯಾಗೇ ಇದೆ. ಬಿಸಿಲೇರುವ ಮುಂಚೆ ಹತ್ತಿ. ರಾವಣನನ್ನು ತಡೆದ ಜಟಾಯು ಬಿದ್ದದ್ದು ಇಲ್ಲೇ ಅಂತ ಜನರ ನಂಬಿಕೆ. ಇಲ್ಲಿಯ ಶಾಸನದ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹರಡುತ್ತಿದ್ದದ್ದು ಅದರ ಮೇಲೆಯೇ. ಅಕ್ಷರ ಬಹಳ ಸವೆದಿದೆ. ಆದರೂ ಆ ಹೆಸರನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಕ್ಷರ ಅಳಿಸಿದರೂ ಅಲ್ಲಿ ಬಳೆ ಮಾರಿದವರ ನೆನಪು ಹೆಸರಿನಲ್ಲಿ ಉಳಿದಿದೆ.

ಎರಡನೇ ದಿನ ನೀರಿಗೆ. ಮಳೆ ಕಡಿಮೆ ಇರುವ ಕಡೆ ಊರಿನ ಚರಿತ್ರೆ ಕೆರೆಯಲ್ಲಿರುತ್ತದೆ. ಯಾವ ಹಳ್ಳಿಗೆ ಹೋದರೂ ಮೊದಲು ಕೆರೆ ಏರಿ ಹತ್ತಿ. ತೂಬು ಎಲ್ಲಿದೆ, ಕೋಡಿ ಯಾವ ಕಡೆ ಬೀಳುತ್ತದೆ, ಕೋಡಿಯ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ ಅಂತ ಕೇಳಿ. ಕೊನೇ ಸಲ ಕೋಡಿ ಬಿದ್ದದ್ದು ಯಾವಾಗ ಅಂತ ಹಿರಿಯರನ್ನು ಕೇಳಿದರೆ ಸಾಕು, ಬರ, ಗುಳೆ, ಮದುವೆ, ಬಾವಿ ಬತ್ತಿದ್ದು, ಬೋರ್‌ವೆಲ್ ಬಂದದ್ದು ಎಲ್ಲವೂ ತಾನಾಗಿ ಬರುತ್ತದೆ. ಏರಿ ಸಾಮಾನ್ಯವಾಗಿ ಎರಡು ಬಂಡೆಗುಡ್ಡಗಳ ಸಂದಿಯಲ್ಲೇ ಇರುತ್ತದೆ. ಬರೀ ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದನ್ನೆಲ್ಲ ಕೆಳಗೆ ಜಾರಿಸುತ್ತದೆ, ಆ ಸಂದಿಗೆ ಒಂದು ಏರಿ ಕಟ್ಟಿದರೆ ಕೆರೆ. ದೊಡ್ಡದು ನೋಡಬೇಕೆಂದರೆ ಚಿನ್ನಹಗರಿ ಹೊಳೆಗೆ ಕಟ್ಟಿದ ರಂಗಯ್ಯನದುರ್ಗ ಜಲಾಶಯ ಇದೆ.

ದಾರಿಯಲ್ಲಿ ಗಿಡಗಳನ್ನೂ ನೋಡುತ್ತಾ ಹೋಗಿ. ತಂಗಡಿ, ಬಂದರೆ, ಕಾರೆ, ಸೀತಾಫಲ. ಎಲ್ಲೆಲ್ಲೂ ಒತ್ತಾಗಿ ಹಬ್ಬಿರುವ ಮುಳ್ಳು ಮಾತ್ರ ಇಲ್ಲಿಯದಲ್ಲ, ಅದು ಬಳ್ಳಾರಿ ಜಾಲಿ, ಹೊರದೇಶದಿಂದ ತಂದದ್ದು. ಕೆರೆಯಂಗಳ ತುಂಬಾ ಅದೇ ಇದ್ದರೆ ಬಹಳ ವರ್ಷದಿಂದ ಆ ಕೆರೆ ತುಂಬಿಲ್ಲ ಅಂತ ಹೆಚ್ಚು ಕಡಿಮೆ ಹೇಳಬಹುದು.

ಹಟ್ಟಿಗಳಿಗೆ ಹೋಗುವಾಗ ಸ್ವಲ್ಪ ನಯ ಬೇಕು. ಮ್ಯಾಸನಾಯಕರು ಮತ್ತು ಕಾಡುಗೊಲ್ಲರು ಈ ಸೀಮೆಯ ಹಳೇ ದನಗಾಹಿ ಜನ. ಅವರಲ್ಲಿ ದೇವರ ಎತ್ತುಗಳು ಅಂತ ಇರುತ್ತವೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನಿಗೆ ಕಿಲಾರಿ ಅಂತ ಹೆಸರು. ಬರ ಬಂದ ವರ್ಷ ತಮಗಿಂತ ಮೊದಲು ಆ ಎತ್ತುಗಳ ಮೇವಿಗೆ ಓಡಾಡುತ್ತಾರೆ. ಹಟ್ಟಿಯ ಬಾಗಿಲಲ್ಲಿ ನಿಂತು ‘ಅಜ್ಜಾ, ಒಳಗೆ ಬರಬಹುದಾ?’ ಅಂತ ಕೇಳಿ, ಹೇಳಿದ ಜಾಗದಲ್ಲಿ ಚಪ್ಪಲಿ ಬಿಡಿ, ಕೇಳದೆ ಫೋಟೋ ತೆಗೆಯಬೇಡಿ. ಪಕ್ಕದ ಬಳ್ಳಾರಿಯ ಕುಡುತಿನಿಯಲ್ಲಿ ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿದಿಬ್ಬ ಇದೆ. ಅವರೇ ಇವರು ಅನ್ನಲು ಆಗುವುದಿಲ್ಲ. ಆದರೆ ಬೆಳೆಗಿಂತ ದನವನ್ನು ನಂಬುವ ಬದುಕನ್ನು ಈ ಒಣನೆಲ ಅವರಿಗೂ ಕಲಿಸಿತು, ಇವರಿಗೂ ಕಲಿಸಿತು.

ಮಧ್ಯಾಹ್ನದ ಬಿಸಿಲಿಗೆ ಊರೊಳಗೆ ಬನ್ನಿ. ಸೀರೆಯನ್ನು ಅಂಗಡಿಯಲ್ಲಿ ನೋಡುವ ಮುಂಚೆ ಮಗ್ಗದಲ್ಲಿ ನೋಡಿ. ಅಂಚಿಗೆ ಒಂದು ಬಣ್ಣ, ಒಡಲಿಗೆ ಇನ್ನೊಂದು ಬೇಕೆಂದರೆ ಎರಡು ಅಂಚಿಗೆ ಎರಡು, ಒಡಲಿಗೆ ಒಂದು, ಹೀಗೆ ಮೂರು ಲಾಳಿ ಓಡಬೇಕು. ಎರಡು ಬಣ್ಣ ಸೇರುವ ಜಾಗದಲ್ಲಿ ಪ್ರತಿ ಎಳೆಯನ್ನೂ ಇನ್ನೊಂದಕ್ಕೆ ಸಿಕ್ಕಿಸಬೇಕು. ಆ ಸೇರುವೆಯ ಮೇಲೆ ಬೆರಳಾಡಿಸಿ ನೋಡಿ, ಗಂಟು ಸಿಗಬಾರದು. ಈ ಸೀರೆಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇದೆ. ಕೊಳ್ಳುವುದಾದರೆ ನೇಯ್ದವರಿಂದಲೇ ಕೊಳ್ಳಿ, ಚೌಕಾಸಿ ಮಾಡುವ ಮುಂಚೆ ಎಷ್ಟು ದಿನ ಹಿಡಿಯಿತು ಅಂತ ಒಂದು ಮಾತು ಕೇಳಿ.

ಸಂಜೆಗೆ ಊರ ಪಕ್ಕದ ಗುಡ್ಡವೊಂದೇ ಸಾಕು. ಹಳೇ ಕೋಟೆಯ ಗೋಡೆ ಎಲ್ಲಿ ಮುಗಿಯುತ್ತದೆ, ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ಹುಡುಕುತ್ತಾ ಹತ್ತಿ. ಕಟ್ಟಿದವರು ಗುಂಡುಗಳನ್ನೇ ಗೋಡೆಯ ಭಾಗ ಮಾಡಿಕೊಂಡಿದ್ದಾರೆ. ಆಮೇಲೆ ಕೂಗಿದರೆ ಮಾರ್ದನಿ ಕೊಡುವ ಕೂಗೋ ಬಂಡೆ ಎಲ್ಲಿ ಅಂತ ಯಾರನ್ನಾದರೂ ಕೇಳಿ, ಹುಡುಗರೇ ಕರಕೊಂಡು ಹೋಗುತ್ತಾರೆ. ನಿಲ್ಲುವ ಜಾಗ ಅವರಿಗೆ ಗೊತ್ತಿರುತ್ತದೆ, ನಾಲ್ಕು ಹೆಜ್ಜೆ ಆಚೀಚೆ ಆದರೂ ಸರಿಯಾಗಿ ಕೇಳಿಸುವುದಿಲ್ಲ. ಒಂದೇ ಸಲ ಗಟ್ಟಿಯಾಗಿ ಕೂಗಿ, ಆಮೇಲೆ ಸುಮ್ಮನಿದ್ದು ಪೂರ್ತಿ ಕೇಳಿಸಿಕೊಳ್ಳಿ. ಈ ಗುಡ್ಡಗಳಲ್ಲಿ ಕರಡಿ ಇವೆ, ಹೊತ್ತು ಮುಳುಗುವ ಮುಂಚೆ ಇಳಿದುಬಿಡಿ.